ಕೂತವರ ಕಿಟಕಿ

ನಾನು ಕಟ್ಟಿದ ಮನೆಗೆ ಎಂಟು ಕಿಟಕಿ ಇಟ್ಟೆ. ಹಾಸನದ ಕಡೆಯ ದುದ್ದದ ಸುತ್ತಿನ ಹಳ್ಳಿಗಳಲ್ಲಿ ಆಗ ಮನೆಗೆ ಎರಡು ಕಿಟಕಿ ಇದ್ದರೆ ಅದೇ ಹೆಚ್ಚು. ಮೂರನೆಯದು ಕಳ್ಳನಿಗೆ ಅನ್ನುತ್ತಿದ್ದರು. ಅಂಥ ಊರಿನಲ್ಲಿ ಎಂಟು ಕಿಟಕಿ, ಎಲ್ಲಕ್ಕೂ ಗಾಜಿನ ಕದ, ಕಬ್ಬಿಣದ ಸರಳು, ಮೇಲೊಂದು ವೆಂಟಿಲೇಟರು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟು ಉಳಿ ಹಿಡಿದವನು ನಾನು. ಆ ಎಂಟು ಚೌಕಟ್ಟಿನ ಒಂದೊಂದು ಮೂಲೆಯನ್ನೂ ನಾನೇ ಕೂಡಿಸಿದ್ದೆ. ಕೂಡಿದ ಕಡೆ ಉಗುರು ತೂರುತ್ತಿರಲಿಲ್ಲ. ಗೃಹಪ್ರವೇಶಕ್ಕೆ ಬಂದವರು ಊಟಕ್ಕೆ ಕೂರುವ ಮುಂಚೆ ಮನೆ ಸುತ್ತು ಹಾಕಿ ಕಿಟಕಿ ಎಣಿಸಿದರು. ನಾನು ಎಲೆ ಹಾಕುತ್ತಿದ್ದವನು ಅವರ ಬಾಯಿ ಎಂಟಕ್ಕೆ ಬಂದು ನಿಲ್ಲುವುದನ್ನೇ ಕಾಯುತ್ತಿದ್ದೆ.

ಅಷ್ಟೆಲ್ಲ ಇದ್ದೂ ನನ್ನ ಹೆಂಡತಿ ಬೆಳಕಿಗಾಗಿ ಪಕ್ಕದ ಮನೆಗೆ ಹೋಗಬೇಕಾಯಿತು. ಅದು ನನ್ನ ಗಮನಕ್ಕೆ ಬರಲು ಆರು ತಿಂಗಳು ಹಿಡಿಯಿತು.

ಕಿಟಕಿಯ ಹುಚ್ಚು ನನಗೆ ಹತ್ತಿದ್ದು ಕೆಲಸಕ್ಕೆ ಹೋದ ಊರುಗಳಲ್ಲಿ. ಹೊಳೆನರಸೀಪುರದ ಹಳೇ ಮನೆಗಳಲ್ಲಿ ಮರದ ಸರಳಿನ ಕಿಟಕಿ. ಒಂದೊಂದು ಸರಳನ್ನೂ ದುಂಡಗೆ ಕಡೆದು, ನಡುವಿಗೆ ಬಳೆ ತೊಡಿಸಿದ ಹಾಗೆ ಗೆರೆ ಎಬ್ಬಿಸಿರುತ್ತಿದ್ದರು. ಅರಕಲಗೂಡಿನ ಕಡೆ ಮಳೆ ಜಾಸ್ತಿ. ಅಲ್ಲಿ ಕಿಟಕಿ ಚಿಕ್ಕದು, ಕದ ದಪ್ಪ ಹಲಗೆಯದು. ಒಲೆಯ ನೇರಕ್ಕೆ ಸೂರಿನಲ್ಲಿ ಒಂದು ಗಾಜಿನ ಹೆಂಚು ಇಟ್ಟು ಅಡಿಗೆಮನೆಗೆ ಬೆಳಕು ಇಳಿಸುತ್ತಿದ್ದರು. ಇವನ್ನೆಲ್ಲ ನೋಡಿದ್ದೆ, ರಿಪೇರಿ ಮಾಡಿದ್ದೆ. ಹಳೇ ಕಿಟಕಿಗಳು ನೆಲಕ್ಕೆ ಹತ್ತಿರ ಇರುತ್ತಿದ್ದವು. ಹಿಂದಿನವರಿಗೆ ಗೋಡೆ ಎತ್ತಿ ಗೊತ್ತಿಲ್ಲ, ಕೈಗೆ ಎಟುಕಿದ ಕಡೆ ತೂತು ಬಿಟ್ಟಿದ್ದಾರೆ ಅಂದುಕೊಂಡಿದ್ದೆ.

ಹಾಸನದಲ್ಲಿ ಹೊಸದಾಗಿ ನೌಕರಿಯವರ ಮನೆಗಳು ಏಳುತ್ತಿದ್ದವು. ಅಲ್ಲಿ ಕಿಟಕಿಯ ಕೆಳಗಿನ ಮರ ನೆಲದಿಂದ ಮೂರೂವರೆ ಅಡಿಗೆ. ಒಂದು ಮನೆಯದು ಮೂರೂವರೆ ಅಂದರೆ ಸಾಲಿನಲ್ಲಿ ಎಲ್ಲ ಮನೆಯದೂ ಮೂರೂವರೆ. ದಾರ ಹಿಡಿದ ಹಾಗೆ. ಕೆಲಸ ಮುಗಿದ ಒಂದು ಮನೆಗೆ ಕೊಂಡಿ ಸರಿಮಾಡಲು ಹೋದಾಗ, ಆ ಮನೆಯ ಯಜಮಾನರು ಕಿಟಕಿಗೆ ಮೇಜು ಒತ್ತರಿಸಿ ಕುರ್ಚಿಯಲ್ಲಿ ಕೂತು ಕಾಗದ ಬರೆಯುತ್ತಿದ್ದರು. ಬೆಳಕು ಸೀದಾ ಕಾಗದದ ಮೇಲೆ ಬಿದ್ದಿತ್ತು. ನನ್ನ ಕೈಯ ಕೆಲಸ ಒಬ್ಬರಿಗೆ ಅಷ್ಟು ಚೆನ್ನಾಗಿ ಒದಗುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಟ್ಟಿದರೆ ಇಂಥದ್ದು ಕಟ್ಟಬೇಕು ಅನ್ನಿಸಿತು. ನನ್ನ ಎಂಟಕ್ಕೂ ಅದೇ ಮೂರೂವರೆ ಅಡಿ ಹಿಡಿದೆ.

ಮನೆಗೆ ಬೇಕಾದ ಗಾಜನ್ನು ಹಾಸನದಿಂದ ಬಸ್ಸಿನಲ್ಲಿ ತಂದೆ. ಎರಡು ಚಾಪೆಯ ನಡುವೆ ಹುಲ್ಲು ಹಾಕಿ, ಹಗ್ಗ ಬಿಗಿದು, ತೊಡೆಯ ಮೇಲೆ ನಿಲ್ಲಿಸಿಕೊಂಡು ಕೂತೆ. ಟಿಕೆಟ್ ಹರಿಯುತ್ತ ಬಂದ ಕಂಡಕ್ಟರು ನಿಂತು ನೋಡಿದ.

"ಏನ್ ಮೇಸ್ತ್ರಿ, ತೊಡೆ ಮ್ಯಾಲೆ ಕೂರುಸ್ಕೊಂಡಿದ್ದೀಯ, ಮದ್ವೆ ಎಣ್ಣಾ?"

"ಗಾಜು ಕಣಪ್ಪ. ಮನೆ ಕಿಟ್ಕಿಗೆ."

"ಅಂಗಾರೆ ಎಣ್ಣಿಗಿಂತ ನಾಜೂಕು. ಡ್ರೈವರಣ್ಣ, ಅಳ್ಳ ನೋಡ್ಕೊಂಡು ಬುಡಣ್ಣ, ಮೇಸ್ತ್ರಿ ಸಂಸಾರ ಒಡ್ದೋಯ್ತದೆ."

ಬಸ್ಸೆಲ್ಲ ನಕ್ಕಿತು. ದುದ್ದದಲ್ಲಿ ಇಳಿಯುವಾಗ ಒಂದು ಗಾಜೂ ಬಿರುಕು ಬಿಟ್ಟಿರಲಿಲ್ಲ.

ವೆಂಟಿಲೇಟರನ್ನು ನಮ್ಮೂರಿನವರು ಎಂಟ್ಲೇಟ್ರು ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಎಂಟು ಇದ್ದುದರಿಂದ ಅದಕ್ಕೆ ಆ ಹೆಸರು ಎಂದೇ ಬಹಳ ಜನ ತಿಳಿದಿದ್ದರು. ಆಚೆ ಊರಿನವರೊಬ್ಬರು ಬಂದು, "ಮೇಸ್ತ್ರಿ, ನಮ್ದು ಸಣ್ ಮನೆ, ಎಂಟ್ಲೇಟ್ರು ಬ್ಯಾಡ, ನಾಕ್ಲೇಟ್ರು ಮಡುಗ್ಕೊಟ್ರೆ ಸಾಕು" ಅಂದರು. ನಾನು ನಗಲಿಲ್ಲ. ನಾಲ್ಕೇ ಮಾಡಿಕೊಟ್ಟೆ.

ಈಗ ಹೆಂಡತಿಯ ವಿಷಯಕ್ಕೆ ಬರುತ್ತೇನೆ. ಅವಳ ತವರು ಚನ್ನರಾಯಪಟ್ಟಣದ ಕಡೆ. ಬರುವಾಗ ಕೈಯಲ್ಲಿ ತಿರುಗಿಸುವ ಹೊಲಿಗೆ ಮಿಷನ್ನು ತಂದಿದ್ದಳು. ನೆಲದ ಮೇಲೆ ಮಿಷನ್ನು ಇಟ್ಟು, ಎದುರಿಗೆ ಕೂತು, ಬಲಗೈಯಲ್ಲಿ ಚಕ್ರ ತಿರುಗಿಸುತ್ತ ಎಡಗೈಯಲ್ಲಿ ಬಟ್ಟೆ ನಡೆಸುವುದು ಅವಳ ರೀತಿ. ಟೇಪು ಹಿಡಿಯುತ್ತಿರಲಿಲ್ಲ. ಹಳೇ ರವಿಕೆಯೊಂದನ್ನು ಬಟ್ಟೆಯ ಮೇಲೆ ಹರಡಿ, ಅಂಗೈಯಿಂದ ಸವರಿ, ಕತ್ತರಿ ಬಿಟ್ಟರೆ ಮುಗಿಯಿತು. ನಾನು ಮರಕ್ಕೆ ಗೆರೆ ಎಳೆದು ಎರಡು ಸಲ ಅಳೆದು ಕೊಯ್ಯುವವನು. ಅವಳ ಕತ್ತರಿ ನಡೆಯುವುದನ್ನು ನೋಡಿದರೆ ನನಗೆ ಎದೆ ಡವಗುಟ್ಟುತ್ತಿತ್ತು. ಆ ಕತ್ತರಿಗೆ ಒಂದು ರವಿಕೆಯೂ ಕೆಟ್ಟದ್ದನ್ನು ಕಾಣೆ. ಊರಿನ ಹೆಂಗಸರೆಲ್ಲ ಅವಳ ಹತ್ತಿರವೇ ಬರುತ್ತಿದ್ದರು.

ನಾನು ವಾರವೆಲ್ಲ ಅರಕಲಗೂಡಿನ ಕೆಲಸದಲ್ಲಿದ್ದು ಭಾನುವಾರಕ್ಕೆ ಮನೆಗೆ ಬರುತ್ತಿದ್ದೆ. ಹಾಗೆ ಬಂದ ಒಂದು ಬೆಳಿಗ್ಗೆ ದುದ್ದದ ಬಸ್ಸು ನಿಲ್ಲುವ ಕಡೆ ಕಾಪಿ ಕುಡಿಯುತ್ತಿದ್ದೆ. ನಮ್ಮ ಮನೆಗೆ ಗೋಡೆ ಕಟ್ಟಿದ್ದ ಗಾರೆಯವನು ಬೆಂಚಿನ ಆ ತುದಿಯಲ್ಲಿದ್ದ.

"ಮೇಸ್ತ್ರಿ, ಒಂದ್ ಮಾತು. ನೀನು ಎಂಟ್ ಕಿಟ್ಕಿ ಮಡ್ಗಿರೋದು ನೋಡಾಕಾ, ನೋಡ್ಸಾಕಾ?"

"ಯಾಕ್ಲಾ?"

"ಅಲ್ಲ, ನಿಮ್ಮನೆಯವ್ರು ದಿನಾ ಮಿಷನ್ ಒತ್ಕೊಂಡು ಪಕ್ಕದ್ ಮನೆ ದೊಡ್ಡವ್ವನ ತಾವಕ್ಕೆ ಓಯ್ತಾರೆ. ಬೆಳ್ಕು ಅಲ್ಲೈತಂತೆ. ನಿಮ್ಮನೇಲಿ ಬರೀ ಗಾಜಂತೆ."

ಕಾಪಿ ಅಲ್ಲೇ ಬಿಟ್ಟು ಎದ್ದೆ. ಆ ದೊಡ್ಡವ್ವನ ಮನೆ ನಮ್ಮ ಗೋಡೆಗೆ ಹತ್ತು ಹೆಜ್ಜೆ. ಮಣ್ಣಿನ ಗೋಡೆಯ ಹಳೇ ಮನೆ, ಬೀದಿಗೆ ಒಂದೇ ಒಂದು ಕಿಟಕಿ. ನಾನು ಮನೆ ಮುಟ್ಟುವ ಹೊತ್ತಿಗೆ ನನ್ನವಳು ಮಿಷನ್ನನ್ನು ಸೊಂಟಕ್ಕೆ ಇಟ್ಟುಕೊಂಡು ಅಲ್ಲಿಂದಲೇ ಬರುತ್ತಿದ್ದಳು.

"ನಮ್ಮನೇಲಿ ಏನ್ ಕತ್ಲೆ ಕವುಚ್ಕೊಂಡಿತ್ತಾ?" ಅಂದೆ.

ಅವಳು ಮಿಷನ್ನು ಇಳಿಸಿ, ಪಡಸಾಲೆಯ ದೊಡ್ಡ ಕಿಟಕಿಯ ಕೆಳಗೆ ಚಾಪೆ ಹಾಸಿದಳು.

"ಬನ್ನಿ, ಇಲ್ ಕೂತ್ಕಳಿ."

ಕೂತೆ. ನನ್ನ ಮನೆಯಲ್ಲಿ ಆ ಕಿಟಕಿಯ ಕೆಳಗೆ ನಾನು ನೆಲಕ್ಕೆ ಕೂತದ್ದು ಅದೇ ಮೊದಲು. ಅವಳು ಕೈಗೆ ಸೂಜಿ, ಕಪ್ಪು ದಾರ ಕೊಟ್ಟಳು.

"ಪೋಣ್ಸಿ."

ದಾರದ ತುದಿ ನಾಲಿಗೆಗೆ ಹಚ್ಚಿ ಹೊಸೆದೆ. ಕಣ್ಣಿಗೆ ಹತ್ತಿರ ಹಿಡಿದೆ, ದೂರ ಹಿಡಿದೆ. ತಲೆಯ ಮೇಲೆ ಕಿಟಕಿ ಫಳಫಳ ಅನ್ನುತ್ತಿತ್ತು. ನನ್ನ ಮಡಿಲು ಮಾತ್ರ ಮಂಕು. ಸೂಜಿಯ ಕಣ್ಣು ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ.

"ಬೆಳ್ಕು ಬತ್ತದೆ ಕಣಿ, ಬರಲ್ಲ ಅನ್ನಲ್ಲ. ಎದುರು ಗೋಡೆಗೆ ಬೀಳ್ತದೆ. ನಾನು ಗೋಡೆಗಾ ರವಿಕೆ ಒಲಿಯೋದು?"

ಒಳಗೆ ಅಕ್ಕಿ ಆರಿಸುತ್ತಿದ್ದ ನನ್ನ ಅವ್ವ ಕಿಸಕ್ಕೆಂದಳು.

ನನಗೆ ರೇಗಿತು. ನಿನ್ನ ಕಣ್ಣು ತೋರಿಸಬೇಕು, ಹಾಸನಕ್ಕೆ ಕರೆದುಕೊಂಡು ಹೋಗ್ತೀನಿ ಅಂದೆ. ಅವಳು ಪೆಟ್ಟಿಗೆಯಿಂದ ಒಂದು ಕಡುನೀಲಿ ರವಿಕೆ ತೆಗೆದು ತೋರಿಸಿದಳು. ಒಂದು ತೋಳು ಒಳಮೈ ಹೊರಗಾಗಿ ಕೂತಿತ್ತು. ನಮ್ಮ ಮನೆಯಲ್ಲಿ ಕೂತು ಹೊಲಿದದ್ದು. ಮದುವೆಯಾದಂದಿನಿಂದ ಅವಳ ಕೈಯಿಂದ ಅಂಥ ತಪ್ಪು ಆಗಿರಲಿಲ್ಲ. ಹಳೇ ಜೋಪಡಿಯಲ್ಲಿದ್ದಾಗ ಹೊರಗಿನ ಜಗುಲಿಯ ಮೇಲೆ ಕೂತು ಹೊಲಿಯುತ್ತಿದ್ದಳು. ಹೊಸ ಮನೆಗೆ ನಾನು ಜಗುಲಿ ಇಟ್ಟಿರಲಿಲ್ಲ. ಹಾಸನದ ಮನೆಗಳಿಗೆ ಜಗುಲಿ ಇರಲಿಲ್ಲವಲ್ಲ.

"ದೊಡ್ಡವ್ವ ಕೂರು ಅಂತಾರೆ. ಆದ್ರೆ ರಾಗಿ ಒಕ್ಕಣೆ ಆದ್ಮೇಲೆ ಆ ಕ್ವಾಣೆಗೆ ಮೂಟೆ ಬತ್ತವೆ. ಕಿಟ್ಕಿ ಮಟ ಒಟ್ತಾರೆ. ಆಮೇಕೆ ಎಲ್ಲಿ ಕೂರಾನ? ಮಿಷನ್ನ ನಮ್ ತಂಗಿಗೆ ಕೊಟ್ಬುಡಾನ ಅಂತಿದೀನಿ."

ಅವಳು ಅದನ್ನು ಬೇಸರ ಮಾಡಿಕೊಂಡು ಹೇಳಲಿಲ್ಲ. ಉಪ್ಪು ಮುಗಿದಿದೆ ಅನ್ನುವ ಹಾಗೆ ಹೇಳಿದಳು. ಅದಕ್ಕೇ ನನಗೆ ದಿಗಿಲಾಯಿತು. ಆ ಮಿಷನ್ನು ಮನೆಯಿಂದ ಹೋದರೆ ಇವಳು ಏನಾಗುತ್ತಾಳೆ ಅಂತ ಯೋಚಿಸಿದೆ. ಉಳಿ ಕಿತ್ತುಕೊಂಡರೆ ನಾನು ಏನಾಗುತ್ತೇನೋ ಅದೇ.

ಆದರೂ ಗೋಡೆಗೆ ಕೈ ಹಾಕುವ ಮನಸ್ಸು ಬರಲಿಲ್ಲ. ಊರೇ ಎಣಿಸಿದ ಕಿಟಕಿ. ಅದನ್ನು ಒಡೆದರೆ ತಪ್ಪು ಮಾಡಿದ್ದೆ ಅಂತ ಸಾರಿದ ಹಾಗೆ. ಕಿಟಕಿ ಇಳಿಸುವ ಬದಲು ಹೆಂಡತಿಯನ್ನೇ ಏರಿಸಿದರಾಯಿತು ಅಂದುಕೊಂಡೆ. ಎರಡು ದಿನ ಕೂತು ಒಂದು ಮೇಜು, ಒಂದು ಎತ್ತರದ ಕುರ್ಚಿ ಮಾಡಿದೆ. ಹಾಸನದ ಯಜಮಾನರ ಮೇಜಿಗಿಂತ ಚೆನ್ನಾಗಿ ಬಂತು. ಕಿಟಕಿಗೆ ಒತ್ತರಿಸಿ, ಮಿಷನ್ನು ಮೇಲಿಟ್ಟು, ಅವಳನ್ನು ಕೂರಿಸಿದೆ. ಬೆಳಕು ಸೂಜಿಯ ಮೇಲೆ ಬಿತ್ತು. ಅವಳೂ ಸಂತೋಷಪಟ್ಟಳು, ಸುಳ್ಳು ಹೇಳಬಾರದು.

ಸ್ವಲ್ಪ ಹೊತ್ತಿಗೆ ದೊಡ್ಡವ್ವ ಕೊರಳುಪಟ್ಟಿ ಸರಿಮಾಡಿಸಲು ಬಂದರು. ಬಂದವರೇ ಯಾವತ್ತಿನ ಹಾಗೆ ನೆಲಕ್ಕೆ ಕೂತರು. ನನ್ನವಳು ಕುರ್ಚಿಯಿಂದ ಧಡಕ್ಕನೆ ಇಳಿದಳು. ಅಷ್ಟು ದೊಡ್ಡವರು ಕೆಳಗೆ ಕೂತಿರುವಾಗ ಕಾಲು ಇಳಿಬಿಟ್ಟುಕೊಂಡು ಅವರ ತಲೆಯ ಮೇಲೆ ಕೂರುವುದು ಹೇಗೆ? ಅವರಿಗೆ ಕುರ್ಚಿ ಕೊಡಲು ಹೋದರೆ, "ಅಯ್ಯೋ ಬ್ಯಾಡ ಕಣಮ್ಮಿ, ನಂಗ್ಯಾಕೆ ಕಚೇರಿ" ಅಂದುಬಿಟ್ಟರು. ಅವರು ಹೋದ ಮೇಲೆ ಏರಿದಳು. ನನ್ನ ಅವ್ವ ಮೊರ ಹಿಡಿದು ಬಂದು ಕೆಳಗೆ ಕೂತಳು, ಇವಳು ಮತ್ತೆ ಇಳಿದಳು. ಅವ್ವ, "ಕೂತ್ಕೊಳವ್ವ, ನಂಗೇನಿಲ್ಲ" ಅಂದಳು. ಅವಳು ಕೂರಲಿಲ್ಲ. ಇನ್ನಿಬ್ಬರು ಬಂದರು. ವಯಸ್ಸಿನಲ್ಲಿ ಚಿಕ್ಕವರು, ಅವರು ಕೂರಲೇ ಇಲ್ಲ, ಸ್ಕೂಲಿನಲ್ಲಿ ಪಾಠ ಒಪ್ಪಿಸುವವರ ಹಾಗೆ ನಿಂತುಕೊಂಡು ಬಟ್ಟೆ ಕೊಟ್ಟು ಹೊರಟರು. ಬಂದರೆ ಅರ್ಧ ಗಂಟೆ ಮಾತಾಡಿ ಹೋಗುತ್ತಿದ್ದವರು. ಮಧ್ಯಾಹ್ನದ ಹೊತ್ತಿಗೆ ನನ್ನವಳು ಹತ್ತಿ ಇಳಿದು ಸುಸ್ತಾಗಿದ್ದಳು. ಒಂದು ತೋಳೂ ಮುಗಿದಿರಲಿಲ್ಲ.

ಅವ್ವ ಅಕ್ಕಿಯ ಕಲ್ಲು ಆರಿಸುತ್ತಲೇ ಅಂದಳು: "ಮಗ, ನೀನ್ ಮಾಡ್ಕೊಟ್ಟಿರೋದು ಮೇಜಲ್ಲ ಕಣಪ್ಪ, ಏಣಿ."

ಆ ಸಂಜೆ ನನ್ನವಳು ಮೇಜಿನ ಮೇಲೆ ಹಾಸಿಗೆ ಸುತ್ತಿ ಇಟ್ಟಳು. ಮಾರನೆಯ ದಿನ ಮಿಷನ್ನು ಮತ್ತೆ ಸೊಂಟಕ್ಕೆ ಏರಿತು.

ಆ ವಾರ ನಾನು ಅರಕಲಗೂಡಿಗೆ ಹೋಗಲೇ ಇಲ್ಲ. ಅವಳು ನೀರಿಗೆ ಹೋದ ಹೊತ್ತು ನೋಡಿಕೊಂಡು, ಬಾಗಿಲ ಕೀಲು ನೋಡಿ ಹೋಗುತ್ತೇನೆ ಅಂತ ನೆಪ ಹೇಳಿ ದೊಡ್ಡವ್ವನ ಮನೆಗೆ ಹೋದೆ.

"ಕೀಲು ಸರ್ಯಾಗೇ ಐತಲ್ಲಪ್ಪ" ಅಂದರು ದೊಡ್ಡವ್ವ. "ಕಿಟ್ಕಿ ನೋಡಾಕ್ ಬಂದಿದ್ರೆ ನೋಡ್ಕೊ ಓಗು."

ಹೋಗಿ ನೋಡಿದೆ. ಆ ಕಿಟಕಿಯ ಮುಂದೆ ಎಷ್ಟು ಸಲ ಓಡಾಡಿಲ್ಲ ನಾನು. ಒಳಗೆ ಕೂತು ನೋಡಿದ್ದು ಅವತ್ತೇ. ಹಲಸಿನ ಮರದ ಚೌಕಟ್ಟು, ಹೊಗೆಗೆ ಕಪ್ಪಾಗಿತ್ತು. ಕೆಳಗಿನ ಮರ ನೆಲದಿಂದ ಒಂದೂಕಾಲು ಅಡಿ, ಅಷ್ಟೆ. ಗೋಡೆ ದಪ್ಪನೆಯದು. ಆ ದಪ್ಪವನ್ನು ಒಳಮಗ್ಗುಲಲ್ಲಿ ಎರಡೂ ಕಡೆ ಓರೆಯಾಗಿ ಕೆತ್ತಿ, ಹೊರಗೆ ಕಿರಿದು ಒಳಗೆ ಅಗಲ ಮಾಡಿದ್ದರು. ಮೊರದ ಬಾಯಿಯ ಹಾಗೆ. ಬೆಳಕು ಆ ಓರೆಗೆ ತಾಗಿ ಹರಡಿ ಬಂದು ನೆಲದ ಮೇಲೆ ಚಾಪೆಯಷ್ಟಗಲಕ್ಕೆ ಬೀಳುತ್ತಿತ್ತು. ಆಗ ಸೂರಿನ ಕಡೆ ತಲೆ ಎತ್ತಿದೆ. ನಮ್ಮ ಕಡೆ ಮಣ್ಣಿನ ಗೋಡೆ ನೆನೆಯಬಾರದೆಂದು ಸೂರನ್ನು ಮುಂದಕ್ಕೆ ತಂದು ತಗ್ಗಿಸುತ್ತೇವೆ. ನಮ್ಮ ಮನೆಯದೂ ಹಾಗೆಯೇ. ಅಂಥ ಸೂರಿನ ಕೆಳಗೆ ಎತ್ತರದ ಕಿಟಕಿ ಇಟ್ಟರೆ ಅದರ ಮುಕ್ಕಾಲು ಭಾಗಕ್ಕೆ ಕಾಣುವುದು ಸೂರಿನ ಹೊಟ್ಟೆಯೇ. ತಗ್ಗಿನ ಕಿಟಕಿಗೆ ಬೆಳಕು ಅಂಗಳದಿಂದ ಬರುತ್ತದೆ. ಹಾಸನದ ಮನೆಗಳ ಗೋಡೆ ಎತ್ತರ, ಸೂರು ಚಿಕ್ಕದು, ಕೂರುವವರು ಕುರ್ಚಿಯ ಮೇಲೆ. ನಾನು ಅಲ್ಲಿಯ ಕಿಟಕಿಯನ್ನಷ್ಟೇ ತಂದಿದ್ದೆ. ಕುರ್ಚಿ, ಸೂರು ಎರಡನ್ನೂ ಅಲ್ಲೇ ಬಿಟ್ಟು ಬಂದಿದ್ದೆ.

"ಇದನ್ನ ಮಾಡ್ದವ್ರು ಯಾರು ದೊಡ್ಡವ್ವ?"

"ಯಾರೋ ಒಳ್ನರ್ಸೀಪುರದ್ ಕಡೇರು. ನಾನಾಗ ಒಸಾ ಸೊಸೆ. ಗೋಡೆ ಎದೆಮಟ ಏಳಾಕ್ ಮುಂಚೆ ನಮ್ಮತ್ತೇನ ಕರ್ದು, 'ಅಮ್ಮ, ಇಲ್ಲೊಂದ್ ಗಳ್ಗೆ ಕೂತ್ಕಳಿ' ಅಂದ. ಮಣೆ ಆಕ್ದ. ಅತ್ತೆ ಕೂತ್ರು. ಅವ್ರ ಎಗಲ ನೇರಕ್ಕೆ ಗೋಡೆ ಮ್ಯಾಲೆ ಇದ್ಲಿಲಿ ಒಂದ್ ಗೀರು ಎಳ್ದ. ಅದ್ರಿಂದ ಒಂದ್ ಗೇಣು ಕೆಳಿಕ್ಕೆ ಕಿಟ್ಕಿ ಮಡ್ಗಿದ. ಕೂತಳತೆ ಅಂದ. ನಮ್ಮತ್ತೆ ಎಷ್ಟ್ ನಾಚ್ಕೊಂಡ್ರು ಅಂತೀಯ, ಮನೆ ಅಳೀತಾನೋ ನನ್ನ ಅಳೀತಾನೋ ಅಂತ."

ಕೂತಳತೆ. ಇಷ್ಟು ವರ್ಷದ ಕೆಲಸದಲ್ಲಿ ಆ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಆ ಮನುಷ್ಯನಿಗೆ ಓವರ್ಸಿಯರು ಇರಲಿಲ್ಲ, ನಕ್ಷೆ ಇರಲಿಲ್ಲ. ಮನೆಯಲ್ಲಿ ಹಗಲೆಲ್ಲ ನೆಲಕ್ಕೆ ಕೂತು ದುಡಿಯುವವರು ಯಾರು ಅಂತ ಕೇಳಿ, ಅವರನ್ನೇ ಕರೆದು ಕೂರಿಸಿದ. ಹೊಳೆನರಸೀಪುರದಲ್ಲಿ ನಾನು ಗೋಡೆ ಎತ್ತಲು ಗೊತ್ತಿಲ್ಲದವರು ಅಂದುಕೊಂಡಿದ್ದ ಜನ ಇವರೇ. ಆ ಚೌಕಟ್ಟಿನ ಮೂಲೆಯನ್ನು ಉಗುರಿನಿಂದ ತಡವಿದೆ. ತೂರಲಿಲ್ಲ. ನಾನು ಯಾರಿಗೂ ಸುಲಭವಾಗಿ ಕೈ ಮುಗಿಯುವವನಲ್ಲ. ಅವತ್ತು ಆ ಕಪ್ಪು ಮರಕ್ಕೆ ಮುಗಿದೆ. ದೊಡ್ಡವ್ವ ಕಂಡರೂ ಕಾಣದ ಹಾಗೆ ಒಳಗೆ ಹೋದರು.

ಮನೆಗೆ ಬಂದು ಹೆಂಡತಿಯನ್ನು ಕರೆದೆ.

"ಮಣೆ ತಗೊಂಡ್ ಬಾ. ಗೋಡೆಗ್ ಒರಿಕ್ಕೊಂಡು ಕೂತ್ಕೊ."

"ಯಾಕೆ?"

"ಅಳೀಬೇಕು."

"ನನ್ನಾ?" ಅಂತ ಸೆರಗು ಬಾಯಿಗೆ ಹಿಡಿದಳು. ಆದರೂ ಕೂತಳು. ಇದ್ದಿಲು ಹಿಡಿದು ಬಗ್ಗಿದೆ. ಸುಣ್ಣ ಹೊಡೆದ ಹೊಸ ಗೋಡೆಗೆ ಅವಳ ಹೆಗಲ ನೇರಕ್ಕೆ ಕಪ್ಪು ಗೀರು ಎಳೆದೆ. ಅವ್ವ ಪಕ್ಕದಲ್ಲಿ ಬಂದು ಕೂತು, "ನನ್ನೂ ಅಳಿಯಪ್ಪ, ಅಕ್ಕಿ ಕಲ್ಲು ನಂಗೂ ಕಾಣ್ಸಲ್ಲ" ಅಂದಳು. ಅವಳು ಗಿಡ್ಡ; ಗೀರು ನಾಲ್ಕು ಬೆರಳು ಕೆಳಗೆ ಬಂತು. ಅವಳದನ್ನೇ ಲೆಕ್ಕಕ್ಕೆ ಹಿಡಿದೆ.

ಹಾರೆ ಹಾಕುವ ದಿನ ಗಾರೆಯವನನ್ನೇ ಕರೆಸಿದೆ. ಕದ್ದು ಮಾಡುವುದು ನನ್ನ ಜಾಯಮಾನವಲ್ಲ. ಅವನು ಬಂದು ಗೀರು ನೋಡಿದ, ನನ್ನ ಮುಖ ನೋಡಿದ.

"ಒಡಿಯಾನಾ?"

"ಒಡಿ."

"ನೀನೇ ಮಾಡಿದ್ದು ಕಣ್ ಮೇಸ್ತ್ರಿ."

"ಅದ್ಕೇ ನಾನೇ ಏಳ್ತಾ ಇರೋದು. ಒಡಿ."

ಅವನು ಮತ್ತೆ ತಮಾಷೆ ಮಾಡಲಿಲ್ಲ. ಚೌಕಟ್ಟನ್ನು ಬಿಚ್ಚಲು ಹೋದಾಗ ನನ್ನ ಕೂಡು ನನಗೇ ಜಗ್ಗಲಿಲ್ಲ. ಕೊನೆಗೆ ಗರಗಸ ಹಾಕಿ ಕೊಯ್ದೆ. ಚನ್ನರಾಯಪಟ್ಟಣದಲ್ಲಿ ಒಬ್ಬ ಕೊಬ್ಬರಿ ವ್ಯಾಪಾರಿಯ ಮನೆಯಲ್ಲಿ ನಾಲ್ಕು ಕದದ ಕಿಟಕಿ ಕಂಡಿದ್ದೆ: ಮೇಲೆ ಎರಡು, ಕೆಳಗೆ ಎರಡು, ಬೇಕಾದ್ದನ್ನು ಬೇಕಾದಾಗ ತೆಗೆಯಬಹುದು. ಅದೇ ರೀತಿ ಹೊಸ ಉದ್ದನೆಯ ಚೌಕಟ್ಟು ಮಾಡಿದೆ. ಮೇಲಿನ ಜೋಡಿಗೆ ಹಾಸನದಿಂದ ತಂದ ಗಾಜೇ, ಕೆಳಗಿನ ಜೋಡಿಗೆ ಹಲಗೆ. ಹಗಲು ಎರಡೂ ತೆಗೆದರೆ ಅಂಗಳದ ಬೆಳಕು. ರಾತ್ರಿ ಕೆಳಗಿನದು ಮುಚ್ಚಿದರೆ ಬೀದಿಗೆ ಕಾಣುವುದಿಲ್ಲ. ಗೋಡೆಯ ಒಳಮಗ್ಗುಲನ್ನು ಗಾರೆಯವನು ದೊಡ್ಡವ್ವನ ಮನೆಯದರ ಹಾಗೆಯೇ ಓರೆಯಾಗಿ ಕೆತ್ತಿದ. ಕೆತ್ತಿ, ತಾನೇ ಒಮ್ಮೆ ನೆಲಕ್ಕೆ ಕೂತು ನೋಡಿ, "ಊಂ" ಅಂದ.

ಸುಣ್ಣ ಒಣಗುವ ಹೊತ್ತಿಗೆ ದೊಡ್ಡವ್ವನ ಮನೆಗೆ ರಾಗಿ ಮೂಟೆ ಬಂದವು. ನನ್ನವಳು ಮಿಷನ್ನು ತಂದು ಕಿಟಕಿಯ ಮುಂದೆ ಇಟ್ಟು ಕೂತಳು. ಸೂಜಿಗೆ ದಾರ ಹಿಡಿದಳು. ಒಂದೇ ಸಲಕ್ಕೆ ಹೋಯಿತು. ಆದರೆ ಎರಡು ಹೊಲಿಗೆ ಹಾಕಿ ನಿಲ್ಲಿಸಿ, ಬಟ್ಟೆಯ ಮೇಲೆ ಬೆರಳಾಡಿಸಿದಳು. ಕಬ್ಬಿಣದ ಸರಳೊಂದರ ನೆರಳು ಸೂಜಿಯ ಮೇಲೆ ಬೀಳುತ್ತಿತ್ತು. ನಾನು ಆಗಲೇ ಸರಳು ಕೀಳುವ ಯೋಚನೆಯಲ್ಲಿದ್ದೆ. ಅವಳು ಮಿಷನ್ನನ್ನು ಒಂದು ಗೇಣು ಪಕ್ಕಕ್ಕೆ ಎಳೆದುಕೊಂಡು ಚಕ್ರ ತಿರುಗಿಸಿದಳು.

ನೀಲಿ ರವಿಕೆಯ ತೋಳನ್ನು ಬಿಚ್ಚಿ ಸರಿಯಾಗಿ ಕೂರಿಸಿದಳು. ಆಮೇಲೆ ಸಂಕ್ರಾಂತಿಯ ಬಟ್ಟೆಗಳಿಗೆ ಕೈ ಹಾಕಿದಳು. ಅವ್ವ ಎದುರಿಗೆ ಕೂತು ಅವರೇಕಾಯಿ ಬಿಡಿಸುತ್ತಿದ್ದಳು. ಬಂದ ಹೆಂಗಸರು ನೆಲಕ್ಕೆ ಕೂತು ನಾಲ್ಕು ಕಾಯಿ ಬಿಡಿಸಿ, ಮಾತಾಡಿ ಹೋಗುತ್ತಿದ್ದರು. ಯಾರೂ ಏಳಬೇಕಾಗಿರಲಿಲ್ಲ, ಯಾರೂ ಇಳಿಯಬೇಕಾಗಿರಲಿಲ್ಲ. ನಾನು ಹೊರಗೆ ಮರ ಕೀಸುತ್ತ ಆ ಚಕ್ರದ ಸದ್ದು ಕೇಳುತ್ತಿದ್ದೆ.

ಹೊತ್ತು ಇಳಿಯಿತು. ದೀಪ ಹಚ್ಚಲೇನವ್ವ ಅಂತ ಅವ್ವನನ್ನು ಕೇಳಲು ಒಳಗೆ ಬಂದೆ. ಹೆಂಡತಿ ತಲೆ ಎತ್ತದೆ ಅಂದಳು:

"ತಡೀರಿ, ಇನ್ನೊಂದ್ ರವಿಕೆಗ್ ಆಗೋಷ್ಟು ಬೆಳ್ಕೈತೆ."